ಪುರುಸೊತ್ತಿಲ್ಲದವರ ಬಡತನ

ಭಾಗ 1
(ಫೋಟೋ: ನಮ್ಮ ಅಡುಗೆಮನೆ ಗಡಿಯಾರ)

ಈ ಗಡಿಯಾರ ಹದಿನೈದು ನಿಮಿಷ ಮುಂದಿದೆ. ಕೆಟ್ಟಿಲ್ಲ, ಅಮ್ಮ ಬೇಕಂತಲೇ ಹಾಗೆ ಇಟ್ಟಿರೋದು. ಬೆಳಿಗ್ಗೆ ಗಾರ್ಮೆಂಟ್ಸ್ ವ್ಯಾನು ಯಾರಿಗೂ ಕಾಯಲ್ಲ. ಮನೇಲಿ ಎಲ್ಲರಿಗೂ ಅದು ಮುಂದಿದೆ ಅಂತ ಗೊತ್ತು, ಆದ್ರೂ ಎಲ್ಲರೂ ಅದನ್ನ ನೋಡಿ ಗಾಬರಿ ಆಗ್ತೀವಿ.

ಹೋದ ವರ್ಷ ತಂಗಿ ಪಿಯುಸಿಗೆ ಸೇರಿದಾಗ ಒಂದು ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ವಿ. ವಾಪಸ್ ಬಂತು. ಕುಟುಂಬದ ಆದಾಯ ಮಿತಿಗಿಂತ ಸ್ವಲ್ಪ ಜಾಸ್ತಿ ಅಂತೆ. ಆ 'ಸ್ವಲ್ಪ ಜಾಸ್ತಿ' ಬಂದಿದ್ದು ಅಮ್ಮ ಮಾಡಿದ ಓಟಿಯಿಂದ. ಅಮ್ಮ ಓಟಿ ಮಾಡಿದ ದಿನ ರಾತ್ರಿ ಅಡುಗೆ, ಪಾತ್ರೆ, ನೀರು ಹಿಡಿಯೋದು ಎಲ್ಲಾ ತಂಗಿ ಮೇಲೆ. ಅವಳು ಸಂಜೆ ಟ್ಯೂಷನ್ ಬಿಟ್ಟಳು. ಫೀಸ್ ಕಟ್ಟಿ ಆಗಿತ್ತು, ಹೋಗೋಕೆ ಹೊತ್ತೇ ಇರಲಿಲ್ಲ.

ಹೀಗೆ ಕಾಗದದ ಮೇಲೆ ನಮ್ಮ ಮನೆ ಒಂದು ಮೆಟ್ಟಿಲು ಮೇಲೆ ಹತ್ತಿದ ವರ್ಷವೇ ತಂಗಿಯ ಮಾರ್ಕ್ಸ್ ಕೆಳಗಿಳೀತು. ಆಗಿಂದ ಒಂದು ಪ್ರಶ್ನೆ ತಲೇಲಿ ಕೂತಿದೆ. ಬಡತನವನ್ನ ದುಡ್ಡಲ್ಲಿ ಮಾತ್ರ ಅಳೀಬೇಕು ಅಂತ ತೀರ್ಮಾನ ಮಾಡಿದ್ದು ಯಾರು? ಹೊತ್ತನ್ನೂ ಅಳೀರಿ ಅಂತ ಯಾರೂ ಹೇಳಲೇ ಇಲ್ವಾ?

ಹೇಳಿದ್ದಾರೆ. ಸುಮಾರು ಐವತ್ತು ವರ್ಷದ ಹಿಂದೆಯೇ. ಆ ಕಥೆಯನ್ನ ಈ ವಾರ ಸ್ವಲ್ಪ ಸ್ವಲ್ಪವಾಗಿ ಹಾಕ್ತೀನಿ. ಎಕನಾಮಿಕ್ಸ್ ತಗೊಂಡಿರೋ ನಮ್ಮ ಕ್ಲಾಸಿನವರು ತಪ್ಪಿದ್ದರೆ ಕಾಮೆಂಟಲ್ಲಿ ತಿದ್ದಿ.

ಭಾಗ 2
(ಫೋಟೋ: ಅಕ್ಕಿ, ಬೇಳೆ, ಎಣ್ಣೆ. ತಿಂಗಳ ಸಾಮಾನಿನ ಚೀಟಿ)

ಬಡತನಕ್ಕೆ ಒಂದು ಗೆರೆ ಎಳೆಯೋ ಅಭ್ಯಾಸ ಹಳೇದು. 1899ರಲ್ಲಿ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಸೀಬೋಮ್ ರೌನ್‌ಟ್ರೀ ಮನೆಮನೆ ಸಮೀಕ್ಷೆ ಮಾಡಿಸಿದ. ದೇಹ ಕೆಲಸಕ್ಕೆ ಬರುವಷ್ಟು ಗಟ್ಟಿಯಾಗಿರೋಕೆ ಕನಿಷ್ಠ ಎಷ್ಟು ಖರ್ಚು ಬೇಕು ಅಂತ ಲೆಕ್ಕ ಹಾಕಿದ. ಊಟ, ಬಾಡಿಗೆ, ಬಟ್ಟೆ, ಸೌದೆ-ಇದ್ದಿಲು, ಅಷ್ಟೇ. ನಮ್ಮ ಕಥೆಗೆ ಅವನಿಗಿಂತ ಮುಖ್ಯವಾದವಳು ಅಮೆರಿಕದ ಮಾಲಿ ಒರ್ಶಾನ್‌ಸ್ಕಿ.

ಒರ್ಶಾನ್‌ಸ್ಕಿ ಅಲ್ಲಿನ ಸಾಮಾಜಿಕ ಭದ್ರತಾ ಇಲಾಖೆಯಲ್ಲಿ ಕೆಲಸ ಮಾಡ್ತಿದ್ದ ಅಂಕಿಅಂಶ ತಜ್ಞೆ. ಉಕ್ರೇನ್ ಕಡೆಯಿಂದ ವಲಸೆ ಬಂದ ಯಹೂದಿ ಕುಟುಂಬದ ಮಗಳು, ನ್ಯೂಯಾರ್ಕಿನಲ್ಲಿ ಬೆಳೆದವಳು, ಬಡತನ ಅವಳಿಗೆ ಪುಸ್ತಕದ ವಿಷಯ ಆಗಿರಲಿಲ್ಲ. 1963ರಿಂದ 65ರ ಹೊತ್ತಿಗೆ ಅವಳು ರೂಪಿಸಿದ ಲೆಕ್ಕ ತುಂಬಾ ಸರಳ. ಕೃಷಿ ಇಲಾಖೆ ಮಾಡಿದ್ದ ಅತಿ ಅಗ್ಗದ ಊಟದ ಪಟ್ಟಿ ತಗೊಳ್ಳೋದು, ಅದರ ಖರ್ಚನ್ನ ಮೂರರಿಂದ ಗುಣಿಸೋದು. ಮೂರೇ ಯಾಕೆ? 1955ರ ಸಮೀಕ್ಷೆ ಪ್ರಕಾರ ಅಲ್ಲಿನ ಕುಟುಂಬಗಳು ಆದಾಯದ ಮೂರನೇ ಒಂದು ಭಾಗವನ್ನ ಊಟಕ್ಕೆ ಹಾಕ್ತಿದ್ದವು. ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ ಸುಮಾರು 3,100 ಡಾಲರ್ ಅಂತ ಬಂತು. ಮುಂದೆ ಅದೇ ಸರ್ಕಾರದ ಅಧಿಕೃತ ಗೆರೆ ಆಯ್ತು. ಇವತ್ತಿಗೂ ಅಮೆರಿಕದ ಬಡತನದ ಅಂಕಿ ಹೆಚ್ಚುಕಮ್ಮಿ ಅದರ ಮೇಲೆಯೇ ನಿಂತಿದೆ, ಬೆಲೆ ಏರಿದಂತೆ ಏರಿಸ್ತಾ ಬಂದಿದ್ದಾರೆ.

ಈಗ ಆ ಅಗ್ಗದ ಊಟದ ಪಟ್ಟಿಯನ್ನ ಹತ್ತಿರದಿಂದ ನೋಡಿ. ದುಡ್ಡಿಗೆ ತಾಪತ್ರಯ ಬಂದಾಗ ತಾತ್ಕಾಲಿಕವಾಗಿ ಬಳಸೋಕೆ ಅಂತ ಮಾಡಿದ ಪಟ್ಟಿ ಅದು. ಅಷ್ಟು ಕಮ್ಮಿ ದುಡ್ಡಲ್ಲಿ ಹೊಟ್ಟೆ ತುಂಬಬೇಕಾದ್ರೆ ಎಲ್ಲಾ ಊಟ ಮನೇಲೇ ಆಗಬೇಕು. ಮನೆಯಾಕೆ ಹುಷಾರಾಗಿ ಸಾಮಾನು ತರಬೇಕು, ಚೆನ್ನಾಗಿ ಅಡುಗೆ ಬರಬೇಕು, ಏನೂ ಹಾಳು ಮಾಡಬಾರದು. ಇದನ್ನ ಪಟ್ಟಿ ಮಾಡಿದವರೇ ಒಪ್ಕೊಂಡಿದ್ದರು.

ಹಾಗಾದ್ರೆ ಆ 3,100 ಡಾಲರ್ ಬರೀ ಡಾಲರ್ ಅಲ್ಲ. ಅದರ ಜೊತೆಗೆ ಇಡೀ ದಿನ ಮನೇಲಿರೋ ಒಬ್ಬ ಹೆಂಗಸನ್ನ ಪುಕ್ಕಟೆ ಸೇರಿಸಿಕೊಂಡಿದ್ದಾರೆ. ಅವಳು ಇಲ್ಲದಿದ್ದರೆ? ಅಥವಾ ಅವಳೂ ಕೆಲಸಕ್ಕೆ ಹೋದರೆ?

ಭಾಗ 3
(ಫೋಟೋ: ನನ್ನ ನೋಟ್ಸ್. 168 ಅಂತ ಬರೆದು ಸುತ್ತ ಗೆರೆ ಹಾಕಿರೋದು)

ಈ ಪ್ರಶ್ನೆ ಕೇಳಿದವಳು ಕ್ಲೇರ್ ವಿಕರಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಅರ್ಥಶಾಸ್ತ್ರಜ್ಞೆ. ಮುಂದೆ ಕ್ಲೇರ್ ಬ್ರೌನ್ ಅನ್ನೋ ಹೆಸರಲ್ಲಿ ಬರೆದವಳೂ ಅವಳೇ, ಹುಡುಕುವಾಗ ಗೊಂದಲ ಆಗಬೇಡಿ. 1977ರಲ್ಲಿ ಅವಳ ಒಂದು ಲೇಖನ ಬಂತು. ತಲೆಬರಹದಲ್ಲೇ 'ಸಮಯದ ಬಡವರು' ಅನ್ನೋ ಮಾತಿದೆ.

ಅವಳ ವಾದ ಹೀಗಿದೆ. ಶ್ರೀಮಂತನಿಗೂ ಬಡವನಿಗೂ ವಾರಕ್ಕೆ 168 ಗಂಟೆಯೇ. ನಿದ್ದೆ, ಊಟ, ಸ್ನಾನ, ಸ್ವಲ್ಪ ವಿಶ್ರಾಂತಿ ಅಂತ ಹತ್ತಿರ ಹತ್ತಿರ ಅರ್ಧ ಹೋಗುತ್ತೆ. ಅಷ್ಟೂ ಇಲ್ಲದಿದ್ದರೆ ಮನುಷ್ಯ ಮನುಷ್ಯನಾಗಿ ಉಳಿಯಲ್ಲ. ಉಳಿದದ್ದರಲ್ಲಿ ಎರಡು ಕೆಲಸ ಆಗಬೇಕು, ದುಡೀಬೇಕು ಮತ್ತು ಮನೆ ನಡೀಬೇಕು. ಅಡುಗೆ, ಬಟ್ಟೆ, ಮಗುವಿನ ಆರೈಕೆ.

ಮನೆ ನಡೆಸೋಕೆ ಎಷ್ಟು ಗಂಟೆ ಬೇಕು ಅಂತ ಅಂದಾಜು ಮಾಡೋಕೆ ಅವಳಿಗೆ ಒಂದು ಆಧಾರ ಇತ್ತು. 1967-68ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾಥರಿನ್ ವಾಕರ್ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಊರಿನಲ್ಲಿ 1,296 ಕುಟುಂಬಗಳ ದಿನಚರಿ ಬರೆಸಿದ್ದಳು. ಪಾತ್ರೆ ತೊಳೆಯೋಕೆ ಎಷ್ಟು, ಇಸ್ತ್ರಿಗೆ ಎಷ್ಟು ಅಂತ ಕೂತು ಲೆಕ್ಕ ಹಾಕಿದ ಗೃಹವಿಜ್ಞಾನದವರು ಅವರು. 'ಹೋಮ್ ಸೈನ್ಸ್ ತಾನೇ' ಅಂತ ನಗೋರು ಇದನ್ನ ಓದಲಿ. ಅವರ ಅಂಕಿ ಇಲ್ಲದೆ ವಿಕರಿ ಲೆಕ್ಕ ಶುರುವಾಗ್ತಾನೇ ಇರಲಿಲ್ಲ.

ಒಂದು ಉದಾಹರಣೆ ಕೊಡ್ತೀನಿ, ಅಂಕಿ ನಂದು. ಒಬ್ಬರಿಗೆ ನಿದ್ದೆ-ಊಟ ಕಳೆದು ವಾರಕ್ಕೆ 87 ಗಂಟೆ ಉಳೀತು ಅಂತ ಇಟ್ಕೊಳ್ಳಿ. ಇಬ್ಬರು ಮಕ್ಕಳಿರೋ ಮನೆಗೆ 55 ಗಂಟೆ ಬೇಕು. ಗಂಡ-ಹೆಂಡತಿ ಇಬ್ಬರೂ ಇದ್ರೆ ಒಟ್ಟು 174 ಗಂಟೆ. ಮನೆಗೆ 55 ಹೋದ್ರೂ ದುಡಿಮೆಗೆ 119 ಉಳಿಯುತ್ತೆ. ಒಬ್ಬಳೇ ತಾಯಿ ಇದ್ರೆ? 87ರಲ್ಲಿ 55 ಕಳೆದರೆ 32. ಯಾವ ಫ್ಯಾಕ್ಟರಿ ವಾರಕ್ಕೆ 32 ಗಂಟೆ, ಅದೂ ಬಸ್ ಓಡಾಟ ಸೇರಿ, ಕೆಲಸ ಕೊಡುತ್ತೆ? ಅವಳು 48 ಗಂಟೆ ದುಡಿದು ಬಡತನದ ಗೆರೆಗಿಂತ ನೂರು ರೂಪಾಯಿ ಮೇಲೆ ಬಂದಳು ಅಂದ್ಕೊಳ್ಳಿ. ಸರ್ಕಾರದ ಪುಸ್ತಕದಲ್ಲಿ ಎರಡೂ ಮನೆ ಒಂದೇ. ಆ ಕೊರತೆಯ ಹದಿನಾರು ಗಂಟೆ ಎಲ್ಲಿಂದ ಬರಬೇಕು? ಅವಳ ನಿದ್ದೆಯಿಂದ, ಇಲ್ಲ ಮಕ್ಕಳಿಂದ.

ದುಡ್ಡಿದ್ರೆ ಹೊತ್ತು ಕೊಳ್ಳಬಹುದಲ್ವಾ ಅಂತ ನೀವು ಕೇಳಬಹುದು. ದೋಸೆ ಹಿಟ್ಟು ಪ್ಯಾಕೆಟಲ್ಲಿ ಸಿಗುತ್ತೆ, ಮಗುವನ್ನ ನೋಡ್ಕೊಳ್ಳೋರು ಸಿಗ್ತಾರೆ. ವಿಕರಿ ಅದನ್ನೂ ಸೇರಿಸಿದ್ದಾಳೆ. ಅವಳ ಗೆರೆ ಒಂದು ಜಾಗದಲ್ಲಿ ನಿಲ್ಲಲ್ಲ. ಮನೇಲಿ ಹೊತ್ತು ಜಾಸ್ತಿ ಇದ್ರೆ ಕಮ್ಮಿ ದುಡ್ಡು ಸಾಕು, ಹೊತ್ತು ಕಮ್ಮಿ ಇದ್ರೆ ಜಾಸ್ತಿ ದುಡ್ಡು ಬೇಕು. ಅದಕ್ಕೂ ಒಂದು ತಳ ಇದೆ. ಎಷ್ಟು ದುಡ್ಡು ಸುರಿದ್ರೂ ಮನೆಯವರೇ ಮಾಡಬೇಕಾದ ಕೆಲಸ ಒಂದಿಷ್ಟು ಉಳಿದೇ ಉಳಿಯುತ್ತೆ. ಅಷ್ಟಕ್ಕೂ ಹೊತ್ತಿಲ್ಲದ ಮನೆ ಅವಳ ಲೆಕ್ಕದಲ್ಲಿ ಬಡ ಮನೆಯೇ.

ಅಮೆರಿಕದಲ್ಲಿ ಆಗ ಒಂಟಿ ತಾಯಂದಿರಿಗೆ ಕೊಡೋ ಸಹಾಯಧನದ ಬಗ್ಗೆ ದೊಡ್ಡ ಜಗಳ ನಡೀತಿತ್ತು. ಅವರನ್ನ ಕೆಲಸಕ್ಕೆ ಕಳಿಸಿ ಅನ್ನೋರು ಒಂದು ಕಡೆ. ಕೆಲಸಕ್ಕೆ ಕಳಿಸಿದರೆ ದುಡ್ಡಿನ ಬಡತನ ಹೊತ್ತಿನ ಬಡತನ ಆಗುತ್ತೆ ಅಂತ ಅಂಕಿ ಇಟ್ಟು ತೋರಿಸಿದ್ದು ಈ ಲೇಖನ.

ಭಾಗ 4
(ಫೋಟೋ: ಅಜ್ಜಿ ಮನೆಯ ಅಸ್ತ್ರ ಒಲೆ. ಈಗ ಅದರ ಮೇಲೆ ಕೊಡ ಇಟ್ಟಿದ್ದಾರೆ)

ಅಮೆರಿಕದ ಕಥೆ ಸಾಕು. ನಮ್ಮ ದೇಶದ ಗೆರೆಯಲ್ಲಿ ಯಾರ ಹೊತ್ತು ಅಡಗಿದೆ ನೋಡೋಣ.

ನಮ್ಮ ಬಡತನ ರೇಖೆಯೂ ಊಟದಿಂದಲೇ ಶುರುವಾಯ್ತು. 1979ರಲ್ಲಿ ವೈ. ಕೆ. ಅಲಘ್ ಅಧ್ಯಕ್ಷತೆಯ ಕಾರ್ಯಪಡೆ ಹಳ್ಳಿಯಲ್ಲಿ ತಲಾ ದಿನಕ್ಕೆ 2,400 ಕ್ಯಾಲೊರಿ, ಪಟ್ಟಣದಲ್ಲಿ 2,100 ಅಂತ ಇಟ್ಟುಕೊಂಡಿತು. 1973-74ರ ಬೆಲೆಯಲ್ಲಿ ಅದು ತಿಂಗಳಿಗೆ ತಲಾ 49.09 ಮತ್ತು 56.64 ರೂಪಾಯಿ ಆಯ್ತು. ಆಮೇಲೆ ತೆಂಡೂಲ್ಕರ್ ಸಮಿತಿ, ರಂಗರಾಜನ್ ಸಮಿತಿ ಬಂದು ಅಂಕಿ ಬದಲಾದವು. ಅವನ್ನ ಪರೀಕ್ಷೆಗೆ ಓದಿಯೇ ಇರ್ತೀರಿ.

ನನ್ನ ತಲೆ ತಿನ್ನೋದು ಬೇರೆ ವಿಷಯ. ಚೀಲದಲ್ಲಿರೋ ರಾಗಿಯಲ್ಲೂ ಕ್ಯಾಲೊರಿ ಇದೆ, ತಟ್ಟೆಯಲ್ಲಿರೋ ಮುದ್ದೆಯಲ್ಲೂ ಇದೆ. ಚೀಲದಿಂದ ತಟ್ಟೆಗೆ ಬರೋ ದಾರಿ ಯಾವ ರೇಖೆಯಲ್ಲೂ ಇಲ್ಲ. ಹಸನು ಮಾಡಬೇಕು, ಬೀಸಿಸಬೇಕು, ನೀರು ತರಬೇಕು, ಸೌದೆ ತರಬೇಕು, ತೊಳಸಬೇಕು.

ಸೌದೆ ವಿಷಯ ಇನ್ನೂ ವಿಚಿತ್ರ. ನಮ್ಮ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಮನೆಯ ತಿಂಗಳ ಖರ್ಚು ಬರೆಯುವಾಗ ಕಾಡಿಂದ ಪುಕ್ಕಟೆ ಆರಿಸಿ ತಂದ ಸೌದೆಗೂ ಊರಿನ ಬೆಲೆ ಹಾಕಿ ಸೇರಿಸ್ತಾರೆ. ಬಳಸಿದ್ದೆಲ್ಲಾ ಲೆಕ್ಕಕ್ಕೆ ಬರಲಿ ಅನ್ನೋದು ಅದರ ಉದ್ದೇಶ, ತಪ್ಪಿಲ್ಲ. ಆದರೆ ಏನಾಗುತ್ತೆ ನೋಡಿ. ಒಬ್ಬಳು ಅರ್ಧ ದಿನ ನಡೆದು ತಲೆಹೊರೆ ತಂದಳು. ಆ ಹೊರೆ ಅವಳ ಮನೆಯ 'ಖರ್ಚನ್ನ' ಜಾಸ್ತಿ ಮಾಡಿ ಬಡತನ ರೇಖೆಯ ಕಡೆಗೆ ಒಂದಿಷ್ಟು ಮೇಲಕ್ಕೆ ಎತ್ತಿತು. ಅವಳ ಅರ್ಧ ದಿನ ಎಲ್ಲೂ ಕಳೆಯಲಿಲ್ಲ. ಸೌದೆ ಜಮಾ ಆಯ್ತು, ಹೊತ್ತು ಮಾತ್ರ ಖರ್ಚಿಗೆ ಬೀಳಲೇ ಇಲ್ಲ.

ಆ ಅರ್ಧ ದಿನವನ್ನ ಅಳೆದವರು ನಮ್ಮ ರಾಜ್ಯದಲ್ಲೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಅನ್ನೋ ಕೇಂದ್ರ ಶುರುವಾಯ್ತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಹುಡುಕೋದು ಅದರ ಕೆಲಸ. ಎ. ಕೆ. ಎನ್. ರೆಡ್ಡಿ ಮತ್ತು ಜೊತೆಯವರು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಶಕ್ತಿಯ ಲೆಕ್ಕ ತೆಗೆದರು. ಅದರಲ್ಲಿ ಪುರ ಅನ್ನೋ ಹಳ್ಳಿ ಆಮೇಲೆ ಪ್ರಪಂಚದ ಶಕ್ತಿ ಪುಸ್ತಕಗಳಲ್ಲೆಲ್ಲಾ ಬಂತು. ಊರು ಬಳಸೋ ಶಕ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಸೌದೆ. ವಿದ್ಯುತ್ ಲೆಕ್ಕಕ್ಕೇ ಇಲ್ಲ ಅನ್ನುವಷ್ಟು. ಅವರು ಸೌದೆಯ ತೂಕ ಬರೆದು ಸುಮ್ಮನಾಗಲಿಲ್ಲ. ಅದನ್ನ ತಂದವರು ಯಾರು, ಎಷ್ಟು ದೂರ ನಡೆದರು, ನೀರಿಗೆ ಎಷ್ಟು ಹೊತ್ತು, ದನ ಮೇಯಿಸೋಕೆ ಎಷ್ಟು ಅಂತ ಗಂಟೆಗಳಲ್ಲಿ ಬರೆದರು. ಆ ಗಂಟೆಗಳ ಬಹುಪಾಲು ಹೆಂಗಸರದ್ದು, ಮಕ್ಕಳದ್ದು. ಇಂಜಿನಿಯರುಗಳು ಬಡತನ ಅಳೀತೀವಿ ಅಂತ ಹೊರಟಿರಲಿಲ್ಲ. ಒಲೆಯ ಹಿಂದೆ ಹೋದರು, ಅಲ್ಲಿ ಹೊತ್ತು ಸಿಕ್ಕಿತು.

ಫೋಟೋದಲ್ಲಿರೋ ಒಲೆ ಅದೇ ಕೇಂದ್ರದ ಕೂಸು. ಒಂದೇ ಉರಿಯಲ್ಲಿ ಮೂರು ಪಾತ್ರೆ, ಹೊಗೆಗೆ ಕೊಳವೆ. ಇದರ ಬಗ್ಗೆ ಅಜ್ಜಿಯನ್ನ ಕೇಳಿದೆ. ಸೌದೆ ಉಳೀತು ಅಂತಾಳೆ ಅಂದ್ಕೊಂಡಿದ್ದೆ. ಅವಳು ಅಂದಿದ್ದು: "ಅನ್ನ ಸಾರು ಜೊತೇಲೇ ಇಳೀತಿತ್ತು, ಕಾಣೋ. ಕತ್ತಲಾಗೋ ಮುಂಚೆ ಜಗಲಿ ಮೇಲೆ ಕೂರೋಕೆ ಸಿಗ್ತಿತ್ತು."

ಭಾಗ 5
(ಫೋಟೋ: ಮತ್ತೆ ಗಡಿಯಾರ, ಈ ಸಲ ಬೆಳಗಿನ 4 ಗಂಟೆ)

ಹೊತ್ತನ್ನ ಅಳೀಬೇಕಾದ್ರೆ ಯಾರಾದ್ರೂ ಮನೆಗೆ ಬಂದು 'ನಿನ್ನೆ ಏನೇನು ಮಾಡಿದ್ರಿ' ಅಂತ ಕೇಳಬೇಕು. ಭಾರತದಲ್ಲಿ ಇದನ್ನ ಮೊದಮೊದಲು ಗಂಭೀರವಾಗಿ ಮಾಡಿದವರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಒಬ್ಬರು. 1976-77ರಲ್ಲಿ ಅವರೂ ಮಾಲಿನಿ ಚಂದ್ ಅವರೂ ರಾಜಸ್ಥಾನದ ಮೂರು, ಪಶ್ಚಿಮ ಬಂಗಾಳದ ಮೂರು ಹಳ್ಳಿಗಳಲ್ಲಿ ಜನ ಹೊತ್ತು ಕಳೆಯೋದನ್ನ ಹತ್ತಿರದಿಂದ ನೋಡಿ ಬರೆಸಿದರು. ಸರ್ಕಾರಿ ಲೆಕ್ಕದಲ್ಲಿ 'ಕೆಲಸ ಮಾಡದವರು' ಅಂತಿದ್ದ ಹೆಂಗಸರು ದಿನವಿಡೀ ಕೆಲಸದಲ್ಲೇ ಇದ್ದರು. ವರ್ಷ ಗಮನಿಸಿದ್ರಾ? ವಿಕರಿ ಲೇಖನ ಬಂದ ಹೊತ್ತಿಗೇ. ಒಂದೇ ಪ್ರಶ್ನೆ ಎರಡು ಕಡೆಯಿಂದ ಎದ್ದಿತ್ತು.

ಸರ್ಕಾರ ನಿಧಾನವಾಗಿ ಬಂತು. 1998-99ರಲ್ಲಿ ಹರಿಯಾಣ, ಮಧ್ಯಪ್ರದೇಶ, ಗುಜರಾತ್, ಒಡಿಶಾ, ತಮಿಳುನಾಡು, ಮೇಘಾಲಯ ಈ ಆರು ರಾಜ್ಯಗಳ 18,591 ಮನೆಗಳಲ್ಲಿ ಪ್ರಾಯೋಗಿಕ ಸಮೀಕ್ಷೆ ಆಯ್ತು. ಕರ್ನಾಟಕ ಇರಲಿಲ್ಲ. ಆಮೇಲೆ ಇಡೀ ದೇಶಕ್ಕೆ ಅಂತ ಸಮಯ ಬಳಕೆ ಸಮೀಕ್ಷೆ ಆಗಿದ್ದು 2019ರಲ್ಲಿ. ಮಧ್ಯೆ ಇಪ್ಪತ್ತು ವರ್ಷ! ಮತ್ತೊಂದು 2024ರಲ್ಲಿ ಆಯ್ತು.

2019ರಲ್ಲಿ 1,38,799 ಮನೆಗಳಿಗೆ ಹೋದರು. ಹಿಂದಿನ ದಿನ ಬೆಳಗಿನ ಜಾವ 4 ಗಂಟೆಯಿಂದ ಈ ದಿನ 4 ಗಂಟೆಯವರೆಗೆ, ಅರ್ಧರ್ಧ ಗಂಟೆ ಲೆಕ್ಕದಲ್ಲಿ ಬರೆದರು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರದ್ದು ದಿನಕ್ಕೆ 299 ನಿಮಿಷ, ಗಂಡಸರದ್ದು 97. 2024ರಲ್ಲಿ 289 ಮತ್ತು 88.

97 ನಿಮಿಷ ಪರವಾಗಿಲ್ಲ ಅನ್ನಿಸ್ತಾ? ನನಗೂ ಅನ್ನಿಸಿತ್ತು. ಇದು ಆ ದಿನ ಮನೆಗೆಲಸ ಮಾಡಿದವರ ಸರಾಸರಿ ಮಾತ್ರ. 2019ರಲ್ಲಿ ಹೆಂಗಸರಲ್ಲಿ 81.2% ಜನ ಮಾಡಿದ್ದರು, ಗಂಡಸರಲ್ಲಿ 26.1%. ಅಂದ್ರೆ ನಾಲ್ಕರಲ್ಲಿ ಮೂರು ಗಂಡಸರು ಆ 97ರಲ್ಲೂ ಇಲ್ಲ.

ಭಾಗ 6
(ಫೋಟೋ ಇಲ್ಲ, ಬರೀ ಬರಹ. ಸ್ವೈಪ್ ಮಾಡಬೇಡಿ)

ಈಗ ವಿಕರಿ ಲೆಕ್ಕದಲ್ಲಿರೋ ಒಂದು ತೂತು ಹೇಳ್ತೀನಿ. ಅವಳು ಮನೆಯ ಎಲ್ಲರ ಹೊತ್ತನ್ನ ಒಂದೇ ಡಬ್ಬಿಗೆ ಹಾಕಿದಳು. ಮನೇಲಿ ಇಬ್ಬರು ದೊಡ್ಡವರಿದ್ದಾರೆ, ಒಟ್ಟು ಇಷ್ಟು ಗಂಟೆ ಇದೆ, ಸಾಕು. ಆದರೆ ಒಬ್ಬ ಸೋಫಾ ಮೇಲೆ ಮೊಬೈಲ್ ಹಿಡಿದು ಕೂತಿದ್ದು ಇನ್ನೊಬ್ಬಳಿಗೆ ಉಸಿರಾಡೋಕೂ ಪುರುಸೊತ್ತಿಲ್ಲದಿದ್ದರೆ? ಡಬ್ಬಿ ಲೆಕ್ಕದಲ್ಲಿ ಅವನ ಗಂಟೆ ಅವಳ ಕೊರತೆಯನ್ನ ತುಂಬಿಬಿಡುತ್ತೆ. ಅಂಥ ಮನೆ ನೀವು ನೋಡೇ ಇರ್ತೀರಿ.

ಇದನ್ನ ತಿದ್ದಿದ್ದು ಅಮೆರಿಕದ ಲೆವಿ ಅರ್ಥಶಾಸ್ತ್ರ ಸಂಸ್ಥೆಯ ಅಜಿತ್ ಜಕರಾಯಸ್, ರಾನಿಯಾ ಆಂಟೊನೊಪೊಲಸ್, ಥಾಮಸ್ ಮಾಸ್ಟರ್ಸನ್. ಅವರು ಒಬ್ಬೊಬ್ಬರ ಕೊರತೆಯನ್ನ ಬೇರೆ ಬೇರೆ ಲೆಕ್ಕ ಹಾಕಿದರು. ಮನೆಗೆಲಸದಲ್ಲಿ ಯಾರು ಎಷ್ಟು ಪಾಲು ನಿಜವಾಗಿ ಹೊರ್ತಾರೋ ಅದರ ಪ್ರಕಾರ. ಒಬ್ಬರ ಬಿಡುವು ಇನ್ನೊಬ್ಬರ ಕೊರತೆಗೆ ಜಮಾ ಆಗಲ್ಲ. ಆಮೇಲೆ ಆ ಕೊರತೆಯ ಗಂಟೆಗಳನ್ನ ಹೊರಗಿಂದ ಕೊಂಡರೆ ಎಷ್ಟಾಗುತ್ತೋ ಅದನ್ನ ಆ ಮನೆಯ ಬಡತನ ರೇಖೆಗೆ ಸೇರಿಸಿದರು. 2012ರಲ್ಲಿ ಬಂದ ವರದಿಯಲ್ಲಿ ಅರ್ಜೆಂಟೀನಾ, ಚಿಲಿ, ಮೆಕ್ಸಿಕೊ ಮೂರು ದೇಶದ ಲೆಕ್ಕ ಇದೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಅಧಿಕೃತ ಬಡತನ ಸುಮಾರು 6% ಇದ್ದದ್ದು ಹೊತ್ತು ಸೇರಿಸಿದಾಗ ಸುಮಾರು 11% ಆಯ್ತು. ಚಿಲಿಯ ಸಾಂಟಿಯಾಗೊದಲ್ಲಿ ಸುಮಾರು 11 ಇದ್ದದ್ದು 18. ಮೆಕ್ಸಿಕೊದಲ್ಲಿ 41 ಇದ್ದದ್ದು 50.

ಈ ಮಧ್ಯದಲ್ಲಿ ಇರೋ ಜನವನ್ನ ಅವರು 'ಮರೆಯಾದ ಬಡವರು' ಅಂತ ಕರೆದರು. ಪುಸ್ತಕದ ಪ್ರಕಾರ ಬಡವರಲ್ಲ, ದಿನಚರಿ ಪ್ರಕಾರ ಬಡವರು. ಸ್ಕಾಲರ್‌ಶಿಪ್ ಅರ್ಜಿ ವಾಪಸ್ ಬಂದವರು ಅಂತ ನಾನು ಓದ್ಕೊಂಡೆ.

ಈ ಲೆಕ್ಕದ ಮೇಲೂ ತಕರಾರು ಇದೆ, ನ್ಯಾಯವಾಗಿ ಅದನ್ನೂ ಹೇಳಬೇಕು. ಒಂದು ಗಂಟೆ ಮಗುವನ್ನ ನೋಡ್ಕೊಳ್ಳೋಕೆ ಎಷ್ಟು ರೂಪಾಯಿ? ಮನೆಗೆಲಸದವರ ಕೂಲಿ ಹಿಡಿದರೆ ಅವರ ಕೂಲಿಯೇ ಕಮ್ಮಿ. ಮನೆಗೆಲಸಕ್ಕೆ ಬರೋ ಹೆಂಗಸಿನ ಹೊತ್ತು ಅಗ್ಗ ಆಗಿರೋದ್ರಿಂದಲೇ ಇನ್ನೊಬ್ಬಳು ಹೊತ್ತಿನ ಬಡತನದಿಂದ ಪಾರಾಗ್ತಾಳೆ. ಅವಳ ಮನೇಲಿ ಆ ಹೊತ್ತಿಗೆ ಅಡುಗೆ ಯಾರು ಮಾಡ್ತಾರೆ? ನನ್ನ ಮಟ್ಟಿಗೆ ಇದು ಇಡೀ ವಿಷಯದ ಅತಿ ಕಷ್ಟದ ಜಾಗ. ರೂಪಾಯಿಗೆ ತಿರುಗಿಸದೆ ಗಂಟೆಯನ್ನ ಗಂಟೆಯಾಗಿಯೇ ತೋರಿಸಿದ್ದರೆ ಚೆನ್ನಾಗಿತ್ತು ಅನ್ನಿಸುತ್ತೆ.

ಭಾರತದ ಬಹು ಆಯಾಮದ ಬಡತನ ಸೂಚ್ಯಂಕದಲ್ಲಿ ಈಗ 12 ಅಂಶ ಇವೆ. ಪೌಷ್ಟಿಕತೆ, ಶಾಲೆ, ಅಡುಗೆ ಇಂಧನ, ವಿದ್ಯುತ್, ಬ್ಯಾಂಕ್ ಖಾತೆ ಹೀಗೆ. ಹೊತ್ತಿಗೆ ಅಂತ ಒಂದು ಅಂಶ ಇಲ್ಲ. ಆದರೆ ಕುಡಿಯೋ ನೀರಿನ ಸಾಲು ಓದಿ. ಹೋಗಿ ಬರೋಕೆ 30 ನಿಮಿಷ ನಡೀಬೇಕಾದ್ರೆ ಆ ಮನೆಗೆ ನೀರಿನ ಕೊರತೆ ಇದೆ ಅಂತ ಲೆಕ್ಕ. ಇಡೀ ಸೂಚ್ಯಂಕದಲ್ಲಿ ಗಡಿಯಾರ ನೋಡಿ ಅಳೆಯೋದು ಆ ಒಂದು ಕಡೆ ಮಾತ್ರ.

ಭಾಗ 7
(ಫೋಟೋ: ನೋಟ್‌ಬುಕ್ ಹಾಳೆ, ನಾಲ್ಕು ಕಾಲಂ)

ಇದೆಲ್ಲಾ ಓದಿದ ಮೇಲೆ ನಮ್ಮ ಮನೆಗೇ ಒಂದು ಸಮೀಕ್ಷೆ ಮಾಡಿದೆ. ಸರ್ಕಾರದ ಪದ್ಧತಿ ಪ್ರಕಾರವೇ, ಬೆಳಗಿನ 4ರಿಂದ 4, ಅರ್ಧರ್ಧ ಗಂಟೆ. ಅಮ್ಮ, ಅಪ್ಪ, ನಾನು, ತಂಗಿ.

ಅಪ್ಪನದು ಬೇಗ ಮುಗೀತು. ಆಟೋ, ಊಟ, ಆಟೋ, ಟಿವಿ, ನಿದ್ದೆ. ಹನ್ನೊಂದು ಗಂಟೆ ಆಟೋದಲ್ಲಿ, ಅದು ಹಗುರವಾದ ಕೆಲಸವಲ್ಲ. ಮನೆಗೆಲಸದ ಜಾಗದಲ್ಲಿ ಏನೂ ಇಲ್ಲ.

ತಂಗಿಯ ಕಾಲಂನಲ್ಲಿ ಸಂಜೆ 5ರಿಂದ 9ರವರೆಗೆ ಎಂಟು ಚೌಕ. ಓದು ಅಂತ ಬರೆಯೋಕೆ ಸಿಕ್ಕಿದ್ದು ಒಂದು. ಅದನ್ನೂ ಅವಳು ತಿದ್ದಿಸಿದಳು. "ಕುಕ್ಕರ್ ಕೂಗೋದು ಕಾಯ್ತಾ ಓದಿದೆ, ಎರಡೂ ಬರಿ" ಅಂದಳು. ಸರ್ಕಾರದ ಸಮೀಕ್ಷೆಯಲ್ಲೂ ಒಂದು ಅರ್ಧ ಗಂಟೆಗೆ ಮೂರು ಕೆಲಸದವರೆಗೆ ಬರೀಬಹುದು. ಯಾಕೆ ಅಂತ ಅವತ್ತು ಅರ್ಥ ಆಯ್ತು.

ನನ್ನ ಕಾಲಂ ಹಾಕ್ತೀನಿ ಅಂತ ಮಾತು ಕೊಡದಿದ್ದರೆ ಚೆನ್ನಾಗಿತ್ತು. ಕಾಲೇಜು, ಬಸ್, ಕ್ರಿಕೆಟ್, ಮೊಬೈಲ್, ಓದು. ಮನೆಗೆಲಸ: ಹಾಲು ತಂದದ್ದು, 10 ನಿಮಿಷ. ಸಮಯದ ಬಡತನದ ಬಗ್ಗೆ ಏಳು ಪೋಸ್ಟ್ ಬರೆಯೋಕೆ ನನಗೆ ಎಷ್ಟು ಸಂಜೆ ಸಿಕ್ಕಿತು, ಅವು ಯಾರ ಸಂಜೆಗಳು ಅನ್ನೋದು ಹಾಳೆಯಲ್ಲೇ ಕಾಣ್ತಿದೆ. ಈಗ ವಾರಕ್ಕೆ ನಾಲ್ಕು ದಿನ ರಾತ್ರಿ ಅಡುಗೆ ನಂದು. ಸಾರು ಇನ್ನೂ ನೀರು ನೀರು. ತಂಗಿ ಟ್ಯೂಷನ್‌ಗೆ ಮತ್ತೆ ಹೋಗ್ತಿದ್ದಾಳೆ, ಮೂರು ಚಾಪ್ಟರ್ ಹಿಂದಿದ್ದಾಳೆ.

ಕೊನೆಗೆ ಅಮ್ಮನ ಕಾಲಂ. ರಾತ್ರಿ ಹತ್ತಕ್ಕೆ ಅವಳ ಪಕ್ಕ ಕೂತು ಶುರು ಮಾಡಿದೆ. "ನಿನ್ನೆ ಬೆಳಿಗ್ಗೆ ನಾಲ್ಕರಿಂದ ನಾಲ್ಕೂವರೆ ಏನ್ ಮಾಡ್ತಿದ್ದೆ?"

"ನಿದ್ದೆ."

"ನಾಲ್ಕೂವರೆಯಿಂದ?"

ಅಮ್ಮ ಮೊರ ನನ್ನ ಕಡೆ ತಳ್ಳಿದಳು. "ಕೇಳ್ತಾ ಇರು, ಹೇಳ್ತೀನಿ. ಅಷ್ಟರಲ್ಲಿ ಈ ಅವರೆಕಾಯಿ ಬಿಡಿಸು."